ಮೇಲಿನಿಂದ ನೋಡಿದ ಯುರೋಪ್: ಉಪಗ್ರಹಗಳ ಬಗ್ಗೆ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನೆದರ್‌ಲ್ಯಾಂಡ್ಸಿನಲ್ಲಿ. ಈ ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ. ನೀರು ಎಷ್ಟು ಏರಿತು, ನೆಲ ಎಷ್ಟು ಇಳಿಯಿತು ಅಂತ ಇಲ್ಲಿ ಅಳೆಯುತ್ತಲೇ ಇರಬೇಕು. ಆ ಅಳತೆಯಲ್ಲಿ ದೊಡ್ಡ ಪಾಲು ಈಗ ಆಕಾಶದಿಂದ ಆಗುತ್ತದೆ. ಶಿವಮೊಗ್ಗದಿಂದ ಫೋನ್ ಮಾಡುವ ಅಮ್ಮ, ಹೊಸದಾಗಿ ಇಲ್ಲಿಗೆ ಬಂದ ಕನ್ನಡದ ಗೆಳೆಯರು, ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ನಾಸಾ ಗೊತ್ತು, ಇಸ್ರೋ ಗೊತ್ತು. ಯುರೋಪಿಗೂ ಸ್ವಂತ ಉಪಗ್ರಹಗಳಿವೆಯಾ?

ಇವೆ, ಬೇಕಾದಷ್ಟಿವೆ. ಮೂರು ಗುಂಪು ನೆನಪಿಟ್ಟುಕೊಂಡರೆ ಸಾಕು. ಭೂಮಿಯನ್ನು ನೋಡುವುದಕ್ಕೆ ಕೋಪರ್ನಿಕಸ್. ದಾರಿ ಮತ್ತು ಸಮಯ ಹೇಳುವುದಕ್ಕೆ ಗೆಲಿಲಿಯೊ. ಮಳೆ, ಮೋಡ, ಗಾಳಿಗೆ ಮೀಟಿಯೋಸ್ಯಾಟ್ ಮತ್ತು ಅದರ ಬಳಗ. ಮೊದಲ ಎರಡು ಯುರೋಪಿಯನ್ ಯೂನಿಯನ್ನಿನವು. ಮೂರನೆಯದನ್ನು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿರುವ ಯುಮೆಟ್‌ಸ್ಯಾಟ್ ಎಂಬ ಸಂಸ್ಥೆ ನಡೆಸುತ್ತದೆ. ಉಪಗ್ರಹ ಕಟ್ಟಿಸುವ ಕೆಲಸದಲ್ಲಿ ಮಾತ್ರ ಎಲ್ಲ ಕಡೆಯೂ ಈಸಾ ಇರುತ್ತದೆ. ಈಸಾ ಅಂದರೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ, ನಮಗೆ ಇಸ್ರೋ ಇದ್ದ ಹಾಗೆ.

ಕೋಪರ್ನಿಕಸ್ ಒಂದೇ ದಿನಕ್ಕೆ ಆಗಿದ್ದಲ್ಲ. ಪರಿಸರ ನೋಡಿಕೊಳ್ಳುವುದಕ್ಕೆ ಯುರೋಪಿಗೆ ತನ್ನದೇ ಕಣ್ಣು ಬೇಕು ಅಂತ 1998ರಲ್ಲಿ ಇಟಲಿಯ ಬವೇನೊ ಊರಿನಲ್ಲಿ ಸೇರಿದವರು ಹೇಳಿದರು. ಮೊದಲ ಉಪಗ್ರಹ ಸೆಂಟಿನೆಲ್-1ಎ ಹಾರಿದ್ದು 2014ರ ಏಪ್ರಿಲ್ 3ರಂದು. ನಡುವೆ 16 ವರ್ಷ ಕಳೆದಿತ್ತು.

ಸೆಂಟಿನೆಲ್ ಅಂದರೆ ಏನು? ಎಲ್ಲವೂ ಒಂದೇ ಥರದ ಫೋಟೋ ತೆಗೆಯುತ್ತವಾ?

ಸೆಂಟಿನೆಲ್ ಅಂದರೆ ಕಾವಲುಗಾರ. ಒಬ್ಬೊಬ್ಬನಿಗೆ ಒಂದೊಂದು ಕೆಲಸ. ಸೆಂಟಿನೆಲ್-1 ರೇಡಾರ್ ಹೊತ್ತಿದೆ. ಸೆಂಟಿನೆಲ್-2 ಕ್ಯಾಮೆರಾ ಹೊತ್ತಿದೆ, ಆದರೆ ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಸೇರಿಸಿ 13 ಬಣ್ಣಗಳಲ್ಲಿ ನೋಡುತ್ತದೆ. ಸೆಂಟಿನೆಲ್-3 ಸಮುದ್ರದ ಬಿಸಿ ಮತ್ತು ಬಣ್ಣ ನೋಡುತ್ತದೆ. 4, 5 ಮತ್ತು 5ಪಿ ಗಾಳಿಯನ್ನು ಅಳೆಯುವವು. ಸೆಂಟಿನೆಲ್-6 ಸಮುದ್ರ ಎಷ್ಟು ಏರಿದೆ ಅಂತ ಹೇಳುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಸೆಂಟಿನೆಲ್-2. 786 ಕಿಲೋಮೀಟರ್ ಎತ್ತರದಿಂದ ಒಂದು ಸಲಕ್ಕೆ 290 ಕಿಲೋಮೀಟರ್ ಅಗಲದ ನೆಲ ನೋಡುತ್ತದೆ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗಕ್ಕೆ ವಾಪಸ್ ಬರುತ್ತವೆ. ಚೆನ್ನಾಗಿರುವ ಎಲೆ ಹಸಿರು ಬೆಳಕಿಗಿಂತ ಜಾಸ್ತಿ ಕೆಂಪಿನಾಚೆಯ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಗಿಡ ಸೊರಗಿದರೆ ಆ ಬೆಳಕು ಕಡಿಮೆಯಾಗುತ್ತದೆ. ಹಾಗಾಗಿ ಹೊಲ ನಮ್ಮ ಕಣ್ಣಿಗೆ ಇನ್ನೂ ಹಸಿರಾಗಿ ಕಾಣುತ್ತಿರುವಾಗಲೇ ಅದಕ್ಕೆ ಬಾಯಾರಿಕೆಯಾಗಿದೆ ಅಂತ ಈ ಉಪಗ್ರಹಕ್ಕೆ ಗೊತ್ತಾಗಬಹುದು.

ಯುರೋಪಿನಲ್ಲಿ ಯಾವಾಗಲೂ ಮೋಡ. ಮೋಡದ ಮೇಲಿನಿಂದ ಏನು ಕಾಣುತ್ತದೆ?

ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಬರೀ ಬಿಳಿ. ಇಲ್ಲಿನ ನವೆಂಬರ್ ತಿಂಗಳಲ್ಲಿ ವಾರಗಟ್ಟಲೆ ನಮ್ಮೂರಿನ ಒಂದು ಒಳ್ಳೆಯ ಚಿತ್ರವೂ ಸಿಗುವುದಿಲ್ಲ.

ಅದಕ್ಕೇ ರೇಡಾರ್ ಬೇಕು. ಅದು ತನ್ನದೇ ಅಲೆಯನ್ನು ಕೆಳಗೆ ಕಳಿಸಿ, ವಾಪಸ್ ಬಂದದ್ದನ್ನು ಹಿಡಿದುಕೊಳ್ಳುತ್ತದೆ. ಸೂರ್ಯನ ಬೆಳಕು ಬೇಡ. ಮೋಡ ಅಡ್ಡಿಯಲ್ಲ. ನಡುರಾತ್ರಿ, ಧೋ ಅಂತ ಮಳೆ ಸುರಿಯುವಾಗಲೂ ಕೆಲಸ ಮಾಡುತ್ತದೆ. ಕಾಡು, ಹೊಲ, ಕಟ್ಟಡ ಅಲೆಯನ್ನು ಎಲ್ಲ ಕಡೆ ಚೆದುರಿಸುತ್ತವೆ, ಸ್ವಲ್ಪ ಭಾಗ ಉಪಗ್ರಹಕ್ಕೆ ವಾಪಸ್ ಬರುತ್ತದೆ. ನಿಂತ ನೀರು ಹಾಗಲ್ಲ. ಅದು ಕನ್ನಡಿಯಂತೆ ಅಲೆಯನ್ನು ಆಚೆ ದಿಕ್ಕಿಗೆ ತಳ್ಳಿಬಿಡುತ್ತದೆ. ವಾಪಸ್ ಏನೂ ಬರುವುದಿಲ್ಲ. ಚಿತ್ರದಲ್ಲಿ ಆ ಜಾಗ ಕಪ್ಪಗೆ ಕಾಣುತ್ತದೆ. ಹೋದ ವಾರ ಬೂದು ಬಣ್ಣದಲ್ಲಿದ್ದ ಹೊಲ ಈ ವಾರ ಕಪ್ಪಾಗಿದ್ದರೆ, ಅಲ್ಲಿ ನೀರು ನಿಂತಿರಬಹುದು ಅಂತ ತಿಳಿಯುತ್ತದೆ.

ಇದಕ್ಕೂ ಮಿತಿ ಇದೆ. ಗಾಳಿ ಬೀಸಿ ನೀರಿನ ಮೇಲೆ ತೆರೆ ಎದ್ದರೆ ಅದು ಕಪ್ಪಾಗಿ ಕಾಣುವುದಿಲ್ಲ. ಊರೊಳಗೆ ಗೋಡೆಗಳಿಗೆ ಬಡಿದು ಅಲೆ ಅಡ್ಡಾದಿಡ್ಡಿ ಓಡುವುದರಿಂದ ಬೀದಿಯ ನೀರನ್ನು ಗುರುತಿಸುವುದು ಕಷ್ಟ.

ಹಾಗಾದರೆ ನೆರೆ ಬರುವ ಮೊದಲೇ ಗೊತ್ತಾಗಬೇಕಲ್ವಾ? ಆದರೂ ಜನ ಯಾಕೆ ಸಾಯುತ್ತಾರೆ?

ಎಲ್ಲ ಪ್ರಶ್ನೆಗಳಲ್ಲಿ ಇದು ದೊಡ್ಡದು. ಹಾಗಾಗಿ ಉತ್ತರವೂ ಸ್ವಲ್ಪ ಉದ್ದ.

2002ರ ಬೇಸಿಗೆಯಲ್ಲಿ ಎಲ್ಬೆ ಮತ್ತು ಡ್ಯಾನ್ಯೂಬ್ ನದಿಗಳು ಉಕ್ಕಿ ಹರಿದವು. ಪ್ರಾಗ್, ಡ್ರೆಸ್ಡೆನ್ ನಗರಗಳಿಗೆ ನೀರು ನುಗ್ಗಿತು. ಒಂದು ನದಿ ನಾಲ್ಕಾರು ದೇಶ ದಾಟಿ ಹರಿಯುತ್ತದೆ, ಆದರೆ ಒಂದು ದೇಶದ ಲೆಕ್ಕ ಇನ್ನೊಂದಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ಆ ಪಾಠದಿಂದ ಇಡೀ ಯುರೋಪಿಗೆ ಒಂದೇ ನೆರೆ ಮುನ್ಸೂಚನೆ ವ್ಯವಸ್ಥೆ ಕಟ್ಟಲು ಶುರು ಮಾಡಿದರು. 2012ರಿಂದ ಅದು ದಿನನಿತ್ಯ ನಡೆಯುತ್ತಿದೆ. ಹವಾಮಾನದ ಲೆಕ್ಕ, ನದಿಯ ಅಳತೆ, ಉಪಗ್ರಹದಿಂದ ಬಂದ ಹಿಮ ಮತ್ತು ಮಣ್ಣಿನ ತೇವದ ಮಾಹಿತಿ ಎಲ್ಲ ಸೇರಿಸಿ, ಯಾವ ನದಿ ಎಷ್ಟು ದಿನದಲ್ಲಿ ಉಕ್ಕಬಹುದು ಅಂತ ಹೇಳುತ್ತಾರೆ. ಆದರೆ ಹೇಳುವುದು ಆಯಾ ದೇಶದ ಕಚೇರಿಗಳಿಗೆ. ನಿಮ್ಮ ಫೋನಿಗೆ ಅಲ್ಲ. ಜನರಿಗೆ ತಿಳಿಸುವುದು ಆಯಾ ದೇಶದ, ಆಯಾ ಜಿಲ್ಲೆಯ ಕೆಲಸ.

2021ರ ಜುಲೈ ನೆನಪಿರಬಹುದು. ಜರ್ಮನಿಯ ಆರ್ ಕಣಿವೆಯಲ್ಲಿ ರಾತ್ರೋರಾತ್ರಿ ಮನೆಗಳು ಕೊಚ್ಚಿಹೋದವು. ಜರ್ಮನಿಯೊಂದರಲ್ಲೇ 180ಕ್ಕೂ ಜಾಸ್ತಿ ಜನ ಸತ್ತರು. ಬೆಲ್ಜಿಯಂನಲ್ಲೂ ಹಲವರು ಹೋದರು. ರೈನ್ ನದಿಯ ಬಯಲಿಗೆ ನೆರೆಯ ಅಪಾಯ ಇದೆ ಅಂತ ಕೆಲವು ದಿನ ಮೊದಲೇ ಎಚ್ಚರಿಕೆ ಹೋಗಿತ್ತು. ದೊಡ್ಡ ನದಿಯ ಲೆಕ್ಕ ಮೊದಲೇ ಸಿಗುತ್ತದೆ. ಆರ್‌ನಂಥ ಕಿರಿದಾದ ಕಣಿವೆಯ ಚಿಕ್ಕ ಹೊಳೆ ಕೆಲವೇ ಗಂಟೆಗಳಲ್ಲಿ ಏರಿಬಿಡುತ್ತದೆ. ಅಲ್ಲಿ ಮುನ್ಸೂಚನೆ ಮಾಡುವುದು ಕಷ್ಟ, ಜನರನ್ನು ಎಬ್ಬಿಸುವುದು ಅದಕ್ಕಿಂತ ಕಷ್ಟ.

2024ರ ಅಕ್ಟೋಬರ್ 29ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಆದದ್ದು ಇನ್ನೂ ನೋವಿನದು. ಚೀವಾ ಎಂಬ ಊರಿನಲ್ಲಿ ಎಂಟು ಗಂಟೆಯಲ್ಲಿ 491 ಮಿಲಿಮೀಟರ್ ಮಳೆ ಬಿತ್ತು. ಆಗುಂಬೆಯ ಮಳೆ ನೋಡಿದವರಿಗೂ ಅದು ಎಷ್ಟು ಅಂತ ಅರ್ಥವಾಗುತ್ತದೆ. ಸ್ಪೇನಿನ ಹವಾಮಾನ ಇಲಾಖೆ ಬೆಳಗ್ಗೆ ಏಳೂವರೆಯ ಹೊತ್ತಿಗೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಜನರ ಮೊಬೈಲಿಗೆ ಆ ಸಂದೇಶ ಹೋಗಿದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟೋ ಜನ ಕಾರಿನಲ್ಲಿ, ನೆಲಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. 220ಕ್ಕೂ ಜಾಸ್ತಿ ಜನ ಸತ್ತರು.

36 ಸಾವಿರ ಕಿಲೋಮೀಟರ್ ಮೇಲಿರುವ ಹವಾಮಾನದ ಉಪಗ್ರಹದಿಂದ ಚಿತ್ರ ಕೆಳಗೆ ಬರುವುದಕ್ಕೆ ನಿಮಿಷಗಳು ಸಾಕು. ಹವಾಮಾನ ಇಲಾಖೆಯ ಕಚೇರಿಯಿಂದ ಎಚ್ಚರಿಕೆ ಜನರ ಕಿವಿಗೆ ಬರುವುದಕ್ಕೆ ಇಡೀ ಹಗಲು ಹಿಡಿಯಿತು. ನನ್ನನ್ನು ಕೇಳಿದರೆ, ಇನ್ನೊಂದು ಉಪಗ್ರಹ ಹಾರಿಸುವುದಕ್ಕಿಂತ ಮೊದಲು ಈ ಕೊನೆಯ ದಾರಿಯನ್ನು ಸರಿ ಮಾಡಬೇಕು.

ನೆರೆ ಬಂದ ಮೇಲೂ ಉಪಗ್ರಹಕ್ಕೆ ಕೆಲಸ ಇದೆ. ಕೋಪರ್ನಿಕಸ್ ತುರ್ತು ಸೇವೆಗೆ ಯಾವುದೇ ದೇಶ ಕರೆ ಮಾಡಿದರೆ, ಯಾವ ರಸ್ತೆ ಮುಳುಗಿದೆ, ಯಾವ ಸೇತುವೆ ಹೋಗಿದೆ ಅಂತ ನಕ್ಷೆ ಮಾಡಿ ಕೊಡುತ್ತಾರೆ. 2021ರಲ್ಲಿ ಲಾ ಪಾಲ್ಮಾ ದ್ವೀಪದಲ್ಲಿ ಜ್ವಾಲಾಮುಖಿ 85 ದಿನ ಉಗುಳಿತು. ಲಾವಾ ಯಾವ ಬೀದಿಯವರೆಗೆ ಬಂತು, ಯಾರ ಮನೆ ಹೋಯಿತು ಅಂತ ತೋರಿಸುವ ನಕ್ಷೆಗಳು ಮತ್ತೆ ಮತ್ತೆ ಬರುತ್ತಿದ್ದವು. ಮನೆ ಬಿಟ್ಟು ಬಂದವರಿಗೆ ತಮ್ಮ ಮನೆ ಇದೆಯೋ ಇಲ್ಲವೋ ತಿಳಿಯುವುದಕ್ಕೆ ಅದೂ ಒಂದು ದಾರಿಯಾಗಿತ್ತು.

ಕಾಡ್ಗಿಚ್ಚಿನ ಕಥೆ ಏನು?

2023ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಅಲೆಕ್ಸಾಂಡ್ರೊಪೊಲಿ ಊರಿನ ಹತ್ತಿರ ಹೊತ್ತಿದ ಬೆಂಕಿ 80 ಸಾವಿರ ಹೆಕ್ಟೇರಿಗೂ ಜಾಸ್ತಿ ಸುಟ್ಟಿತು. ಯುರೋಪಿಯನ್ ಯೂನಿಯನ್ನಿನಲ್ಲಿ ದಾಖಲಾದ ಅತಿ ದೊಡ್ಡ ಬೆಂಕಿ ಅದು. ಹಳೆಯ ಬೆಂಗಳೂರು ಪಾಲಿಕೆಯ ಇಡೀ ಪ್ರದೇಶಕ್ಕಿಂತ ದೊಡ್ಡದು.

ಉರಿಯುವ ಬೆಂಕಿಯನ್ನು ಮೊದಲು ಹಿಡಿಯುವುದು ಬಿಸಿಯನ್ನು ಗುರುತಿಸುವ ಉಪಗ್ರಹಗಳು. ಇದರಲ್ಲಿ ಅಮೆರಿಕದ ಉಪಗ್ರಹಗಳ ಪಾಲು ದೊಡ್ಡದು, ಅದನ್ನೂ ಹೇಳಬೇಕು. ಸೆಂಟಿನೆಲ್-2ರ ಕೆಲಸ ಆಮೇಲೆ ಬರುತ್ತದೆ. ಸುಟ್ಟ ನೆಲದ ಅಂಚು ಎಲ್ಲಿದೆ, ಯಾವ ಮರಗಳು ಬದುಕಿವೆ, ಮುಂದಿನ ಮಳೆಗೆ ಯಾವ ಗುಡ್ಡದ ಮಣ್ಣು ಜಾರಬಹುದು ಅಂತ ತೋರಿಸುತ್ತದೆ. ಇಟಲಿಯ ಇಸ್ಪ್ರಾದಲ್ಲಿರುವ ಸಂಶೋಧನಾ ಕೇಂದ್ರ ಇದೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಹಾಕುತ್ತದೆ. ಮುಂದಿನ ಕೆಲವು ದಿನ ಎಲ್ಲೆಲ್ಲಿ ಬೆಂಕಿಯ ಅಪಾಯ ಇದೆ ಅಂತಲೂ ಹೇಳುತ್ತದೆ. ಬೇಸಿಗೆ ರಜೆಗೆ ಗ್ರೀಸ್, ಪೋರ್ಚುಗಲ್, ದಕ್ಷಿಣ ಫ್ರಾನ್ಸ್ ಕಡೆ ಹೋಗುವವರು ಹೊರಡುವ ಮೊದಲು ಆ ನಕ್ಷೆ ನೋಡಿ. ಎಲ್ಲರೂ ನೋಡಬಹುದು.

ನಾನು ಉಸಿರಾಡುವ ಗಾಳಿ ಹೇಗಿದೆ ಅಂತ ಉಪಗ್ರಹ ಹೇಳುತ್ತದಾ?

ಅರ್ಧ ಹೇಳುತ್ತದೆ. ಸೆಂಟಿನೆಲ್-5ಪಿ 2017ರ ಅಕ್ಟೋಬರ್ 13ರಂದು ಹಾರಿತು. ಅದರಲ್ಲಿರುವ ಟ್ರೊಪೊಮಿ ಎಂಬ ಉಪಕರಣ ನಾನಿರುವ ಈ ದೇಶದ್ದು. ವಾಹನ ಮತ್ತು ಕಾರ್ಖಾನೆಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡ್, ಜೊತೆಗೆ ಮೀಥೇನ್, ಓಜೋನ್, ಕಾರ್ಬನ್ ಮಾನಾಕ್ಸೈಡ್ ಎಲ್ಲ ಅಳೆಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮಿಲಾನ್, ಮ್ಯಾಡ್ರಿಡ್, ಪ್ಯಾರಿಸ್ ಮೇಲಿದ್ದ ಕೆಂಪು ಕಲೆ ತಿಳಿಯಾದ ಚಿತ್ರಗಳನ್ನು ಪೇಪರಿನಲ್ಲಿ ನೋಡಿರಬಹುದು. ಅವು ಇದರವೇ.

ಆದರೆ ಅದರ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು ಐದೂವರೆ ಕಿಲೋಮೀಟರ್ ಉದ್ದ, ಮೂರೂವರೆ ಕಿಲೋಮೀಟರ್ ಅಗಲ. ಅದು ಅಳೆಯುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬವನ್ನು. ನಿಮ್ಮ ಮೂಗಿನ ಎತ್ತರದ ಗಾಳಿಯನ್ನಲ್ಲ. ನಿಮ್ಮ ಬೀದಿಯ ಲೆಕ್ಕ ಬೇಕೆಂದರೆ ನೆಲದ ಮೇಲೆ ಇಟ್ಟ ಯಂತ್ರವನ್ನೇ ನಂಬಬೇಕು. ಇಡೀ ಖಂಡದಲ್ಲಿ ಹೊಗೆ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಮಾತ್ರ ಉಪಗ್ರಹವೇ ಸರಿ.

2025ರ ಜುಲೈ 1ರಂದು ಸೆಂಟಿನೆಲ್-4 ಹೋಯಿತು. 5ಪಿ ದಿನಕ್ಕೊಮ್ಮೆ ಹಾದುಹೋಗುತ್ತದೆ. ಸೆಂಟಿನೆಲ್-4 ನಿಂತಲ್ಲೇ ನಿಂತು ಯುರೋಪನ್ನೇ ನೋಡುತ್ತಾ, ಹಗಲಿನಲ್ಲಿ ಗಂಟೆಗೊಮ್ಮೆ ಅಳೆಯುವುದಕ್ಕೆ ಅಂತಲೇ ಮಾಡಿದ್ದು. ಬೆಳಗಿನ ಟ್ರಾಫಿಕ್ಕಿನ ಹೊಗೆಗೂ ಮಧ್ಯಾಹ್ನದ ಹೊಗೆಗೂ ಇರುವ ವ್ಯತ್ಯಾಸ ಕಾಣಬೇಕು ಅನ್ನುವುದು ಉದ್ದೇಶ.

ಇಲ್ಲಿಗೆ ಬಂದ ಎರಡು ಮೂರು ವರ್ಷಕ್ಕೆ ವಸಂತದಲ್ಲಿ ಸೀನು, ಕಣ್ಣುರಿ ಶುರುವಾಗುವವರು ನಮ್ಮವರಲ್ಲಿ ತುಂಬಾ ಜನ. ಬರ್ಚ್ ಮರ, ಹುಲ್ಲು, ಆಲಿವ್ ಇವುಗಳ ಪರಾಗ ಯಾವ ದಿನ ಎಲ್ಲಿ ಜಾಸ್ತಿ ಇರುತ್ತದೆ ಅಂತ ಕೋಪರ್ನಿಕಸ್ ವಾತಾವರಣ ಸೇವೆ ಮುಂಚೆಯೇ ಹೇಳುತ್ತದೆ. ಉಪಗ್ರಹಕ್ಕೆ ಪರಾಗ ಕಾಣುವುದಿಲ್ಲ. ಹವಾಮಾನದ ಲೆಕ್ಕದ ಮೇಲೆ ಕೂತ ಮುನ್ಸೂಚನೆ ಅದು. ಆದರೂ ಏಪ್ರಿಲ್‌ನಲ್ಲಿ ನಾನು ಅದನ್ನು ನೋಡದೆ ಕಿಟಕಿ ತೆಗೆಯುವುದಿಲ್ಲ.

ರೈತರ ಮೇಲೆ ಮೇಲಿಂದ ಕಣ್ಣಿಡುತ್ತಾರಂತೆ, ಹೌದಾ?

ಹೌದು. ಯುರೋಪಿನ ರೈತರಿಗೆ ಬೆಳೆಯುವ ಜಮೀನಿನ ಲೆಕ್ಕದಲ್ಲಿ ಸಹಾಯಧನ ಸಿಗುತ್ತದೆ. ಮೊದಲು ಅಧಿಕಾರಿಗಳು ಹೋಗಿ ನೋಡುತ್ತಿದ್ದರು. ಎಲ್ಲರ ಹೊಲಕ್ಕೂ ಹೋಗಲು ಸಾಧ್ಯವಿಲ್ಲ, ನೂರಕ್ಕೆ ಐದು ಜನರ ಹೊಲ ಆರಿಸಿಕೊಂಡು ಹೋಗುತ್ತಿದ್ದರು. 2023ರಿಂದ ಎಲ್ಲ ಸದಸ್ಯ ದೇಶಗಳೂ ಸೆಂಟಿನೆಲ್ ಚಿತ್ರಗಳಿಂದ ಎಲ್ಲ ಹೊಲಗಳನ್ನೂ ವರ್ಷವಿಡೀ ಗಮನಿಸಬೇಕು ಅಂತ ನಿಯಮ ಬಂತು. ಹುಲ್ಲು ಕೊಯ್ದರಾ, ಹೇಳಿದ ಬೆಳೆಯನ್ನೇ ಬೆಳೆದರಾ ಅಂತ ಚಿತ್ರದಿಂದ ಗೊತ್ತಾಗುತ್ತದೆ. ಅನುಮಾನ ಬಂದರೆ ರೈತ ತನ್ನ ಫೋನಿನಲ್ಲಿ ಹೊಲದ ಫೋಟೋ ತೆಗೆದು ಕಳಿಸಬಹುದು.

ರೈತರಿಗೆ ಇದು ಕಿರಿಕಿರಿ ಅನ್ನಿಸುವುದು ಸಹಜ. ಯಾವಾಗಲೂ ಯಾರೋ ನೋಡುತ್ತಿದ್ದಾರೆ ಅಂದರೆ ಯಾರಿಗೆ ಇಷ್ಟ ಹೇಳಿ? ನನಗೆ ಮುಖ್ಯ ಅನ್ನಿಸುವುದು ಇಷ್ಟು. ಅದೇ ಚಿತ್ರ ರೈತನಿಗೂ ಪುಕ್ಕಟೆ ಸಿಗುತ್ತದೆ. ಹೊಲದ ಯಾವ ಮೂಲೆ ಸೊರಗಿದೆ, ಎಲ್ಲಿ ಗೊಬ್ಬರ ಕಡಿಮೆ ಸಾಕು ಅಂತ ಅವನೂ ನೋಡಿಕೊಳ್ಳಬಹುದು. ಅದನ್ನು ಓದುವುದನ್ನು ಅವನಿಗೆ ಕಲಿಸದೆ ಬರೀ ತಪಾಸಣೆಗೆ ಬಳಸಿದರೆ ಅನ್ಯಾಯ.

ನೆಲ ಕುಸಿಯುವುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರಂತೆ. ನಂಬಬಹುದಾ?

ನಂಬಬಹುದು. ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು ಐದೂವರೆ ಸೆಂಟಿಮೀಟರ್. ಇವತ್ತು ವಾಪಸ್ ಬಂದ ಅಲೆಯನ್ನೂ ಕೆಲವು ದಿನದ ನಂತರ ಅದೇ ಜಾಗದಿಂದ ಬಂದ ಅಲೆಯನ್ನೂ ಹೋಲಿಸುತ್ತಾರೆ. ನೆಲ ಸ್ವಲ್ಪ ಇಳಿದಿದ್ದರೆ ಎರಡು ಅಲೆಗಳ ಏರಿಳಿತ ಒಂದಕ್ಕೊಂದು ಕೂಡುವುದಿಲ್ಲ. ಆ ವ್ಯತ್ಯಾಸವೇ ಅಳತೆ. ಒಂದು ಚಿತ್ರದಿಂದ ಆಗುವುದಿಲ್ಲ, ವರ್ಷಗಟ್ಟಲೆ ಚಿತ್ರ ಪೇರಿಸಬೇಕು. ಮನೆ, ಸೇತುವೆ, ಬಂಡೆಯಂಥ ಗಟ್ಟಿ ವಸ್ತುಗಳಲ್ಲಿ ಚೆನ್ನಾಗಿ ಆಗುತ್ತದೆ. ಗದ್ದೆ, ಕಾಡಿನಲ್ಲಿ ಕಷ್ಟ.

2022ರಿಂದ ಹೀಗೆ ಅಳೆದ ಇಡೀ ಯುರೋಪಿನ ನಕ್ಷೆ ಎಲ್ಲರಿಗೂ ತೆರೆದಿದೆ. ಇಲ್ಲಿನ ಖೌದಾ ಊರು ಪೀಟ್ ಎನ್ನುವ ಮೆತ್ತನೆಯ ಕಪ್ಪು ಮಣ್ಣಿನ ಮೇಲೆ ಕೂತಿದೆ, ನಿಧಾನಕ್ಕೆ ಇಳಿಯುತ್ತಿದೆ. ಉತ್ತರದ ಖ್ರೊನಿಂಗನ್‌ನಲ್ಲಿ ದಶಕಗಟ್ಟಲೆ ನೆಲದೊಳಗಿನ ಗ್ಯಾಸ್ ತೆಗೆದು ನೆಲ ತಗ್ಗಿತು, ಭೂಕಂಪಗಳಾದವು, ಮನೆಗಳು ಬಿರುಕು ಬಿಟ್ಟವು. ಕೊನೆಗೆ 2023ರ ಅಕ್ಟೋಬರಿನಲ್ಲಿ ಗ್ಯಾಸ್ ತೆಗೆಯುವುದನ್ನು ನಿಲ್ಲಿಸಿದರು. ಮನೆ ಕೊಳ್ಳುವ ಯೋಚನೆ ಇರುವ ಗೆಳೆಯರಿಗೆಲ್ಲ ನಾನು ಆ ನಕ್ಷೆ ತೋರಿಸುತ್ತೇನೆ. ಅಡಿಪಾಯ ನೋಡುವ ತಜ್ಞರ ವರದಿಗೆ ಬದಲು ಅಲ್ಲ, ಅದರ ಜೊತೆಗೆ.

ಸಮುದ್ರಕ್ಕೆ ಏನು ಉಪಯೋಗ?

ಮೂರು ಉದಾಹರಣೆ ಕೊಡುತ್ತೇನೆ. ಎಣ್ಣೆ ಚೆಲ್ಲಿದ ಜಾಗದಲ್ಲಿ ಸಮುದ್ರದ ಸಣ್ಣ ತೆರೆಗಳು ಅಡಗುತ್ತವೆ. ರೇಡಾರ್ ಚಿತ್ರದಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಲಿಸ್ಬನ್‌ನಲ್ಲಿರುವ ಯುರೋಪಿನ ಹಡಗು ಸುರಕ್ಷತಾ ಸಂಸ್ಥೆ 2007ರಿಂದ ಹೀಗೆ ಕದ್ದು ಎಣ್ಣೆ ಸುರಿಯುವ ಹಡಗುಗಳನ್ನು ಹುಡುಕುತ್ತಿದೆ. ಕಪ್ಪು ಕಂಡಿದ್ದೆಲ್ಲ ಎಣ್ಣೆಯಲ್ಲ, ಗಾಳಿ ನಿಂತ ನೀರೂ ಹಾಗೇ ಕಾಣುತ್ತದೆ. ಅದಕ್ಕೇ ವಿಮಾನ ಅಥವಾ ದೋಣಿ ಹೋಗಿ ನೋಡಿಬರಬೇಕು.

ಚಳಿಗಾಲದಲ್ಲಿ ಬಾಲ್ಟಿಕ್ ಸಮುದ್ರದ ಉತ್ತರ ಭಾಗ ಹೆಪ್ಪುಗಟ್ಟುತ್ತದೆ. ಫಿನ್‌ಲ್ಯಾಂಡಿನ ಬಂದರುಗಳಿಗೆ ಹೋಗುವ ಹಡಗುಗಳು ಮಂಜುಗಡ್ಡೆ ಎಲ್ಲಿ ತೆಳುವಾಗಿದೆ ಅಂತ ರೇಡಾರ್ ನಕ್ಷೆ ನೋಡಿಕೊಂಡೇ ಸಾಗುತ್ತವೆ. ಅಲ್ಲಿ ಆ ಹೊತ್ತಿಗೆ ಹಗಲೇ ಕಡಿಮೆ, ಕ್ಯಾಮೆರಾ ಇದ್ದೂ ಪ್ರಯೋಜನವಿಲ್ಲ.

ಇನ್ನು ಸಮುದ್ರ ಮಟ್ಟ. 2020ರ ನವೆಂಬರ್ 21ರಂದು ಹಾರಿದ ಸೆಂಟಿನೆಲ್-6 1,336 ಕಿಲೋಮೀಟರ್ ಮೇಲಿಂದ ನೀರಿನ ಎತ್ತರ ಅಳೆಯುತ್ತದೆ. 1990ರ ದಶಕದ ಶುರುವಿನಿಂದ ಒಂದರ ಹಿಂದೆ ಒಂದು ಉಪಗ್ರಹ ಇದೇ ಅಳತೆಯನ್ನು ಮುಂದುವರಿಸಿಕೊಂಡು ಬಂದಿವೆ. ಅಷ್ಟರಲ್ಲಿ ಜಗತ್ತಿನ ಸಮುದ್ರ ಸರಾಸರಿ ಸುಮಾರು 10 ಸೆಂಟಿಮೀಟರ್ ಏರಿದೆ. 1953ರ ಒಂದೇ ರಾತ್ರಿಯ ನೆರೆಯಲ್ಲಿ 1,800ಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡ ದೇಶದಲ್ಲಿ ಕೂತು ಈ 10 ಸೆಂಟಿಮೀಟರನ್ನು ಸಣ್ಣದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಫೋನಿನಲ್ಲಿ ಇರುವುದು ಜಿಪಿಎಸ್. ಗೆಲಿಲಿಯೊ ಬೇರೆ ಹಾಕಿಸಬೇಕಾ?

ಬೇಡ. ಈಚಿನ ಸ್ಮಾರ್ಟ್‌ಫೋನ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಜಿಪಿಎಸ್ ಜೊತೆಗೆ ಗೆಲಿಲಿಯೊವನ್ನೂ ತಾವಾಗಿಯೇ ಬಳಸುತ್ತವೆ. ಹಣ ಕೊಡಬೇಕಿಲ್ಲ. 2016ರ ಡಿಸೆಂಬರಿನಿಂದ ಈ ಸೇವೆ ನಡೆಯುತ್ತಿದೆ. ಉಪಗ್ರಹಗಳು ಸುಮಾರು 23,200 ಕಿಲೋಮೀಟರ್ ಮೇಲಿವೆ. ಒಂದೊಂದಕ್ಕೂ ಒಂದು ಮಗುವಿನ ಹೆಸರು. ಚಿತ್ರ ಬರೆಯುವ ಸ್ಪರ್ಧೆಯಲ್ಲಿ ಗೆದ್ದ ಯುರೋಪಿನ ಮಕ್ಕಳ ಹೆಸರುಗಳವು.

ಇದು ನಿಜದಲ್ಲಿ ಗಡಿಯಾರದ ಕೆಲಸ. ಅಲೆ ಉಪಗ್ರಹದಿಂದ ನಿಮ್ಮ ಫೋನಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ ದೂರ ಕಂಡುಹಿಡಿಯುತ್ತಾರೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ ಜಾಗ 30 ಸೆಂಟಿಮೀಟರ್ ತಪ್ಪುತ್ತದೆ. ಆ ಗಡಿಯಾರವನ್ನೇ ನೋಡಿಕೊಂಡು ಮೊಬೈಲ್ ಟವರ್, ವಿದ್ಯುತ್ ಜಾಲ, ಬ್ಯಾಂಕುಗಳೂ ತಮ್ಮ ಸಮಯ ಹೊಂದಿಸಿಕೊಳ್ಳುತ್ತವೆ.

2018ರ ಮಾರ್ಚ್ 31ರಿಂದ ಯುರೋಪಿನಲ್ಲಿ ಬರುವ ಹೊಸ ಮಾದರಿಯ ಕಾರುಗಳಲ್ಲಿ ಇ-ಕಾಲ್ ಇರಲೇಬೇಕು. ದೊಡ್ಡ ಅಪಘಾತವಾದರೆ ಕಾರು ತಾನೇ 112ಕ್ಕೆ ಕರೆ ಮಾಡಿ ಜಾಗ ಹೇಳುತ್ತದೆ. ನಿಮಗೆ ಪ್ರಜ್ಞೆ ಇಲ್ಲದಿದ್ದರೂ, ಅಲ್ಲಿನ ಭಾಷೆ ಬರದಿದ್ದರೂ ನಡೆಯುತ್ತದೆ. ಬಾಡಿಗೆ ಕಾರು ತೆಗೆದುಕೊಂಡು ಬೇರೆ ದೇಶಕ್ಕೆ ಹೋಗುವ ನಮ್ಮಂಥವರಿಗೆ ಇದು ದೊಡ್ಡ ಧೈರ್ಯ. ಸಮುದ್ರದಲ್ಲಿ, ಬೆಟ್ಟದಲ್ಲಿ ಸಿಕ್ಕಿಬಿದ್ದವರ ತುರ್ತು ಕರೆಯನ್ನೂ ಗೆಲಿಲಿಯೊ ಹಿಡಿಯುತ್ತದೆ. 2020ರಿಂದ, ನಿಮ್ಮ ಕರೆ ತಲುಪಿದೆ ಅನ್ನುವ ಉತ್ತರವನ್ನೂ ವಾಪಸ್ ಕಳಿಸುತ್ತದೆ.

ಕೈಕೊಟ್ಟದ್ದೂ ಇದೆ. 2019ರ ಜುಲೈನಲ್ಲಿ ಸುಮಾರು ಒಂದು ವಾರ ಗೆಲಿಲಿಯೊ ಸೇವೆ ನಿಂತಿತ್ತು. ಫೋನ್‌ಗಳು ಜಿಪಿಎಸ್ ಮೇಲೆ ನಡೆದವು, ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಒಂದಕ್ಕಿಂತ ಹೆಚ್ಚು ವ್ಯವಸ್ಥೆ ಯಾಕೆ ಬೇಕು ಅನ್ನುವವರಿಗೆ ಆ ವಾರವೇ ಉತ್ತರ.

ಹವಾಮಾನದ ಉಪಗ್ರಹ ಇದರಲ್ಲಿ ಎಲ್ಲಿ ಬರುತ್ತದೆ?

ಅದೇ ಎಲ್ಲಕ್ಕಿಂತ ಹಿರಿಯದು. ಮೊದಲ ಮೀಟಿಯೋಸ್ಯಾಟ್ ಹಾರಿದ್ದು 1977ರ ನವೆಂಬರಿನಲ್ಲಿ. 36 ಸಾವಿರ ಕಿಲೋಮೀಟರ್ ಮೇಲೆ, ಭೂಮಿ ತಿರುಗುವ ವೇಗದಲ್ಲೇ ತಾನೂ ತಿರುಗುತ್ತಾ ಒಂದೇ ಜಾಗವನ್ನು ನೋಡುತ್ತಿರುತ್ತದೆ. 2022ರ ಡಿಸೆಂಬರಿನಲ್ಲಿ ಹೋದ ಹೊಸ ತಲೆಮಾರಿನದು 10 ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ, ಮಿಂಚನ್ನೂ ಹಿಡಿಯುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶಕ್ಕೆ ಹಬ್ಬಿ ಸುಮಾರು ಒಂದು ಲಕ್ಷ ವಿಮಾನಗಳು ರದ್ದಾದವು. ಬೂದಿ ಎತ್ತ ಹೋಗುತ್ತಿದೆ ಅಂತ ತೋರಿಸಿದ್ದರಲ್ಲಿ ಮೀಟಿಯೋಸ್ಯಾಟ್ ಮುಖ್ಯ.

ನಮಗೂ ಇದರಲ್ಲೊಂದು ನಂಟು ಇದೆ. 1998ರಿಂದ ಯುಮೆಟ್‌ಸ್ಯಾಟ್ ಒಂದು ಮೀಟಿಯೋಸ್ಯಾಟ್ ಅನ್ನು ಹಿಂದೂ ಮಹಾಸಾಗರದ ಮೇಲೆ ಇಟ್ಟಿದೆ. ಅರಬ್ಬಿ ಸಮುದ್ರದಿಂದ ಕರಾವಳಿಗೆ ಬರುವ ಮುಂಗಾರು ಮೋಡಗಳು ಅದಕ್ಕೂ ಕಾಣುತ್ತವೆ.

ನಮ್ಮ ಮನೆ ಅಂಗಳದಲ್ಲಿ ನಾವೇನು ಮಾಡುತ್ತೇವೆ ಅಂತ ಕಾಣುತ್ತದಾ?

ಸೆಂಟಿನೆಲ್‌ಗಳಿಗೆ ಕಾಣುವುದಿಲ್ಲ. ಸೆಂಟಿನೆಲ್-2ರ ಅತಿ ಚಿಕ್ಕ ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಬೆಂಗಳೂರಿನ ಒಂದು ಥರ್ಟಿ-ಫಾರ್ಟಿ ಸೈಟು ಹೆಚ್ಚುಕಡಿಮೆ ಒಂದು ಚುಕ್ಕೆ. ಮನೆ, ಗೇಟು, ತೆಂಗಿನಮರ, ಸ್ಕೂಟರ್ ಎಲ್ಲ ಸೇರಿ ಒಂದೇ ಬಣ್ಣ. ಅದಕ್ಕಿಂತ ಸೂಕ್ಷ್ಮವಾಗಿ ನೋಡುವ ಖಾಸಗಿ ಉಪಗ್ರಹಗಳಿವೆ, ಅದು ಬೇರೆ ವಿಷಯ.

ಇದಕ್ಕೆಲ್ಲ ದುಡ್ಡು ಎಲ್ಲಿಂದ?

ತೆರಿಗೆಯಿಂದ. 2021ರಿಂದ 2027ರವರೆಗೆ ಯುರೋಪಿಯನ್ ಯೂನಿಯನ್ನಿನ ಬಾಹ್ಯಾಕಾಶ ಕಾರ್ಯಕ್ರಮಕ್ಕೆ 1,488 ಕೋಟಿ ಯೂರೋ ಇಟ್ಟಿದ್ದಾರೆ. ಅಲ್ಲಿನ ಜನಸಂಖ್ಯೆ ಸುಮಾರು 45 ಕೋಟಿ. ಹಂಚಿದರೆ ತಲೆಗೆ ವರ್ಷಕ್ಕೆ ಐದು ಯೂರೋ ಕೂಡ ಬೀಳುವುದಿಲ್ಲ. ಬ್ರಿಟನ್ನಿನಲ್ಲಿರುವವರಿಗೆ ಒಂದು ಮಾತು: ಯೂನಿಯನ್ ಬಿಟ್ಟ ಮೇಲೆ ಆ ದೇಶ 2024ರ ಜನವರಿಯಿಂದ ಕೋಪರ್ನಿಕಸ್‌ಗೆ ಮತ್ತೆ ಸೇರಿದೆ, ಗೆಲಿಲಿಯೊಗೆ ಸೇರಿಲ್ಲ. ಫೋನಿನಲ್ಲಿ ಗೆಲಿಲಿಯೊ ಅಲ್ಲೂ ಕೆಲಸ ಮಾಡುತ್ತದೆ.

ಮೇಲೆ ಹೋದದ್ದು ಕೆಟ್ಟರೆ?

ರಿಪೇರಿ ಇಲ್ಲ. 2021ರ ಡಿಸೆಂಬರಿನಲ್ಲಿ, ಸೆಂಟಿನೆಲ್-1ಎಯ ಜೋಡಿಯಾಗಿದ್ದ ಸೆಂಟಿನೆಲ್-1ಬಿಯ ರೇಡಾರಿಗೆ ವಿದ್ಯುತ್ ಸಿಗದಾಯಿತು. ಎಂಟು ತಿಂಗಳು ಪ್ರಯತ್ನಪಟ್ಟು ಕೈಬಿಟ್ಟರು. ಆರು ದಿನಕ್ಕೊಮ್ಮೆ ಬರುತ್ತಿದ್ದ ಚಿತ್ರ ಹನ್ನೆರಡು ದಿನಕ್ಕೊಮ್ಮೆ ಆಯಿತು. ಬದಲಿ ಸೆಂಟಿನೆಲ್-1ಸಿ ಹೋಗಿದ್ದು 2024ರ ಡಿಸೆಂಬರ್ 5ಕ್ಕೆ. ಮೂರು ವರ್ಷ ಯುರೋಪಿನ ಒಂದು ಕಣ್ಣು ಅರ್ಧ ಮುಚ್ಚಿದ ಹಾಗಿತ್ತು.

ಕಸದ ಕಾಟವೂ ಇದೆ. 2016ರ ಆಗಸ್ಟ್ 23ರಂದು ಮಿಲಿಮೀಟರ್ ಗಾತ್ರದ ಏನೋ ಒಂದು ಚೂರು ಸೆಂಟಿನೆಲ್-1ಎಯ ಸೌರ ಫಲಕಕ್ಕೆ ಬಡಿಯಿತು. ಉಪಗ್ರಹದ ಮೈಮೇಲಿದ್ದ ಕ್ಯಾಮೆರಾದಲ್ಲಿ ನೋಡಿದರೆ 40 ಸೆಂಟಿಮೀಟರ್ ಅಗಲದ ಗಾಯ. ಅಷ್ಟಾದರೂ ಅದು ಕೆಲಸ ನಿಲ್ಲಿಸಲಿಲ್ಲ. ಇನ್ನೊಂದು ಕಡೆ, 2012ರಲ್ಲಿ ಮಾತು ನಿಲ್ಲಿಸಿದ ಎನ್ವಿಸ್ಯಾಟ್ ಎಂಬ ಎಂಟು ಟನ್ನಿನ ಉಪಗ್ರಹ ಇನ್ನೂ ಸುಮ್ನೆ ಸುತ್ತುತ್ತಿದೆ. ಇನ್ನು ಮುಂದೆ ಹಾರಿಸುವಾಗಲೇ ಕೆಳಗಿಳಿಸುವ ದಾರಿಯನ್ನೂ ಯೋಚಿಸಿರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಭಾರತಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಈಸಾದ ಪುಟ್ಟ ಉಪಗ್ರಹ ಪ್ರೋಬಾ-1 ಹಾರಿದ್ದು 2001ರಲ್ಲಿ ಶ್ರೀಹರಿಕೋಟಾದಿಂದ, ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ. ಎರಡು ವರ್ಷಕ್ಕೆಂದು ಮಾಡಿದ್ದು ಇಪ್ಪತ್ತಕ್ಕೂ ಜಾಸ್ತಿ ವರ್ಷ ಬಾಳಿತು. 2024ರ ಡಿಸೆಂಬರ್ 5ರಂದು ಸೂರ್ಯನನ್ನು ನೋಡುವ ಪ್ರೋಬಾ-3 ಕೂಡ ಪಿಎಸ್‌ಎಲ್‌ವಿಯಲ್ಲೇ ಹೋಯಿತು. ಸಮುದ್ರದ ಎತ್ತರ ಅಳೆಯುವ ಸರಳ್ ಉಪಗ್ರಹವನ್ನು ಇಸ್ರೋ ಮತ್ತು ಫ್ರಾನ್ಸ್ ಸೇರಿ ಮಾಡಿದವು, 2013ರಲ್ಲಿ ಹಾರಿಸಿದರು. 2018ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಇಸ್ರೋ ಮತ್ತು ಯುರೋಪಿಯನ್ ಕಮಿಷನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕೋಪರ್ನಿಕಸ್ ಮಾಹಿತಿ ಭಾರತಕ್ಕೆ, ಭಾರತದ ಭೂವೀಕ್ಷಣೆಯ ಮಾಹಿತಿ ಅವರಿಗೆ ಅನ್ನುವುದು ಅದರ ತಿರುಳು.

ನಾನೂ ಈ ಚಿತ್ರಗಳನ್ನು ನೋಡಬಹುದಾ? ಎಲ್ಲಿಂದ ಶುರು ಮಾಡಲಿ?

ಖಂಡಿತ. ಸೆಂಟಿನೆಲ್ ಚಿತ್ರಗಳು ಜಗತ್ತಿನ ಯಾರಿಗೇ ಆದರೂ ಪುಕ್ಕಟೆ. ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿ. ಬರೀ ನೋಡುವುದಕ್ಕೆ ಹೆಸರು ನೋಂದಾಯಿಸುವುದೂ ಬೇಡ, ಇಳಿಸಿಕೊಳ್ಳಬೇಕಾದರೆ ಮಾತ್ರ ಬೇಕು. ಕಂಪ್ಯೂಟರಿನಲ್ಲಿ ಸುಲಭ, ಫೋನಿನಲ್ಲಿ ಸ್ವಲ್ಪ ಇಕ್ಕಟ್ಟು.

ನೀವು ಯುರೋಪಿನಲ್ಲಿದ್ದರೆ ಮೊದಲು ನಿಮ್ಮೂರು ನೋಡಿ. ಊರಿನಲ್ಲಿರುವವರಿಗೆ ನಾನು ಹೇಳುವುದು ಲಿಂಗನಮಕ್ಕಿ ನೋಡಿ ಅಂತ. ನಕ್ಷೆಯಲ್ಲಿ ಶರಾವತಿಯ ಹಿನ್ನೀರಿಗೆ ಹೋಗಿ. ಸೆಂಟಿನೆಲ್-2 ಆರಿಸಿ, ಮೇ ತಿಂಗಳ ಕೊನೆಯ ಒಂದು ದಿನ ತೆಗೆಯಿರಿ. ನೀರು ಹಿಂದೆ ಸರಿದು ದಂಡೆಯ ಸುತ್ತ ಕಂದು ಬಣ್ಣದ ಅಂಚು ಕಾಣುತ್ತದೆ. ಈಗ ಅದೇ ವರ್ಷದ ನವೆಂಬರಿಗೆ ಹೋಗಿ. ಚೆನ್ನಾಗಿ ಮಳೆಯಾದ ವರ್ಷವಾದರೆ ಆ ಅಂಚು ನೀರಿನಡಿ ಹೋಗಿರುತ್ತದೆ, ದ್ವೀಪಗಳು ಚಿಕ್ಕದಾಗಿರುತ್ತವೆ. ಹೋದ ಸಲ ಊರಿಗೆ ಹೋದಾಗ ಅಮ್ಮನಿಗೆ ತೋರಿಸಿದೆ. ಅವರು ಚಿತ್ರವನ್ನು ಸರಿಸುತ್ತಾ ಸರಿಸುತ್ತಾ ನಡುವಿನ ಒಂದು ಕಂದು ತುಂಡಿನ ಮೇಲೆ ಬೆರಳಿಟ್ಟು, "ಇಲ್ಲೇ ಎಲ್ಲೋ ನಮ್ಮಜ್ಜಿ ತವರು ಇದ್ದಿದ್ದು, ಮುಳುಗಡೆಗೆ ಮೊದಲು" ಅಂದರು.

ಜುಲೈನಲ್ಲಿ ನೋಡಲು ಹೋದರೆ ಬರೀ ಬಿಳಿ ಮೋಡ ಸಿಗುತ್ತದೆ. ಆಗ ಸೆಂಟಿನೆಲ್-1ಕ್ಕೆ ಬದಲಾಯಿಸಿ, ಕಪ್ಪು ಬಣ್ಣ ಎಲ್ಲಿಯವರೆಗೆ ಬಂದಿದೆ ಅಂತ ನೋಡಿ.